ಲಂಬಾಣಿ ಕಸೂತಿಯೂ ನವೀನ ವಸ್ತ್ರವಿನ್ಯಾಸವೂ

ಯುದ್ಧವನ್ನು ಕಂಡ ಜನರ ಕೈಕೆಲಸವನ್ನು ನವೀನ ಉಡುಪುಗಳಿಗೆ ಅಳವಡಿಸುವ ಪ್ರಯತ್ನವು ಈಗ ಹಲವು ದೇಶಗಳಲ್ಲಿ ನಡೆಯುತ್ತಲಿದೆ. ಬೋಸ್ನಿಯಾ ದೇಶದಲ್ಲಿ 1992ರಿಂದ 1995ರ ವರೆಗೆ ನಡೆದ ಘೋರ ಸಮರದಿಂದ ನೆಲೆತಪ್ಪಿದ ಸ್ತ್ರೀಯರು ಹೆಣಿಗೆಯಿಂದ ಜೀವನವನ್ನು ಸಾಗಿಸಿದುದುಂಟು. ನಮ್ಮ ನಾಡಿನಲ್ಲಿ ಇದಕ್ಕೆ ಹೋಲಿಸತಕ್ಕುದು ಸಂಡೂರಿನ ಲಂಬಾಣಿ ಕಸೂತಿ.

ಲಂಬಾಣಿಗಳು ಎತ್ತುಗಳ ಮೇಲೆ ಧಾನ್ಯವನ್ನು ಹೇರಿಕೊಂಡು ದಂಡುಗಳನ್ನು ಹಿಂಬಾಲಿಸಿದ ಜನ. ಮೊಗಲರ ಸೈನ್ಯಕ್ಕೂ ಅವರು ಆಹಾರವನ್ನು ಒದಗಿಸಿದರು. 1791ರಲ್ಲಿ ಕಾರ್ನ್‌ವಾಲಿಸನು ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ, ಕೋಲಾರ ಹೊಸಕೋಟೆಗಳನ್ನು ಹಿಡಿದು ಬೆಂಗಳೂರಿಗೆ ಬಂದನು. ನಮ್ಮ ದೊಡ್ಡನೆಕ್ಕುಂದಿಯ ಸೀಮೆಗೆ ಆ ದಾರಿಯು ದೂರವಲ್ಲ. ಆ ಯುದ್ಧದಲ್ಲಿ ಆಂಗ್ಲರ ದಂಡಿಗೆ ಧಾನ್ಯವನ್ನು ತಂದವರೂ ಇವರೇ. ರಸ್ತೆ, ರೈಲುಗಳು ಬಂದ ಮೇಲೆ ಆ ವೃತ್ತಿಯು ಅಳಿಯಿತು. ಸ್ತ್ರೀಯರ ಸೂಜಿಯು ಉಳಿಯಿತು.

ಈ ಕಸೂತಿಯಲ್ಲಿ ಖಡ್ಗವಿಲ್ಲ, ಫಿರಂಗಿಯಿಲ್ಲ. ಆದರೂ ಅಲೆದಾಟದ ಆ ಬಾಳಿನ ಸ್ಮೃತಿಯು ಇದರ ರಚನೆಯಲ್ಲಿಯೇ ಅಡಗಿದೆ. ತುಂಡುಬಟ್ಟೆಗಳನ್ನು ಕೂಡಿಸಿ ಒತ್ತಾಗಿ ಹಾಕಿದ ಹೊಲಿಗೆಯು ದೂರ ಪ್ರಯಾಣವನ್ನು ತಾಳತಕ್ಕದ್ದು. ಸ್ಥಿರವಾದ ಮನೆಯಿಲ್ಲದವರಿಗೆ ಉಡುಪೇ ಭಂಡಾರ. ಕನ್ನಡಿ, ಕವಡೆ, ನಾಣ್ಯಗಳು ಫೇಟಿಯಾ ಕಾಂಚಳಿಗಳ ಮೇಲೆಯೇ ನೆಲಸಿದುವು. ರಸವು ಹೆಸರು ಹೇಳಿದ ಮಾತ್ರಕ್ಕೆ ಹುಟ್ಟುವುದಿಲ್ಲ, ವ್ಯಂಗ್ಯವಾಗಿಯೇ ತೋರಬೇಕು ಎಂಬುದು ಆನಂದವರ್ಧನನ ಮತ. ಅದು ವಸ್ತ್ರಕ್ಕೂ ಸಲ್ಲುತ್ತದೆ. ಯಂತ್ರದ ಬಟ್ಟೆಗೆ ನಾಲ್ಕು ಕನ್ನಡಿಗಳನ್ನು ಅಂಟಿಸಿ, ಅಲೆಮಾರಿಗಳ ಕಥೆಯನ್ನು ಚೀಟಿಯಲ್ಲಿ ಅಚ್ಚುಹಾಕಿ ತೂಗಬಿಟ್ಟರೆ ಅದು ಬರಿಯ ವಾಚ್ಯ. ಹೊಲಿಗೆಯ ಒತ್ತು, ತುಂಡುಗಳ ಜೋಡಣೆ, ಬಣ್ಣಗಳ ಘರ್ಷಣೆ ಇವನ್ನು ಕೆಡಿಸದೆ ಹೊಸ ಅಂಗಿಯನ್ನು ಕತ್ತರಿಸಬಲ್ಲವನೇ ನಿಜವಾದ ವಿನ್ಯಾಸಕ.

2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆಯ ಕಾಲಕ್ಕೆ 1755 ಲಂಬಾಣಿ ಕಸೂತಿ ವಸ್ತುಗಳನ್ನು ಪ್ರದರ್ಶಿಸಿದುದು ವಿಶ್ವದಾಖಲೆಯಾಯಿತು. ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಸ್ತ್ರೀಯರ ಕೈಕೆಲಸವದು. ಸಂತೋಷವೇ ಸರಿ, ಆದರೆ ಸಂಖ್ಯೆಯು ಶ್ರಮವನ್ನು ಎಣಿಸೀತೇ ಹೊರತು ಗುಣವನ್ನು ತೂಗಲಾರದು.

ಚಿಂತಿಸತಕ್ಕ ಸಂಗತಿಯೊಂದುಂಟು. ತಾಂಡಾಗಳ ತರುಣಿಯರಲ್ಲಿ ಬಹುಮಂದಿ ಈಗ ಸೀರೆ, ಚೂಡಿದಾರಗಳನ್ನು ಧರಿಸುತ್ತಾರೆ. ಅದು ಅವರ ಇಷ್ಟ, ಆಕ್ಷೇಪಿಸಲು ನಾವಾರು? ಆದರೆ ತಾನು ಉಡದುದನ್ನು ಪರರಿಗಾಗಿ ಹೊಲಿಯುವಾಗ, ಹೊಲಿಗೆಯು ತಪ್ಪಿದರೆ ತಿದ್ದುವ ಅಜ್ಜಿಯ ಕಣ್ಣು ಇಲ್ಲವಾಗುತ್ತದೆ. ಕೊಳ್ಳುವವರ ರುಚಿಯೇ ಪ್ರಮಾಣವಾಗಿಬಿಡುತ್ತದೆ. ಆದುದರಿಂದ ಈ ಕಲೆಯ ಮುಂದಿನ ಸ್ಥಿತಿಯು ಬಹುಮಟ್ಟಿಗೆ ನಮ್ಮಂಥ ಗೃಹಸ್ಥರ ವಿವೇಕವನ್ನೇ ಅವಲಂಬಿಸಿದೆ. ಕೊಳ್ಳುವಾಗ ಬಟ್ಟೆಯನ್ನು ಮಗುಚಿ ಒಳಮೈಯ ಹೊಲಿಗೆಯನ್ನು ನೋಡಬೇಕು. ಹೊಲಿದವಳಿಗೆ ಸಂದ ಕೂಲಿಯೆಷ್ಟೆಂದು ಕೇಳಬೇಕು. ವಿನ್ಯಾಸಕನ ಹೆಸರಿನೊಡನೆ ಅವಳ ಹೆಸರೂ ಕಾಣುವಂತಾದರೆ, ಅದೇ ಈ ಕಲೆಗೆ ಸಲ್ಲಿಸುವ ಯೋಗ್ಯವಾದ ಮರ್ಯಾದೆ.