ಹೊತ್ತಲ್ಲದ ಹೊತ್ತಿನ ಮಾತು

ಮೊಳಕಾಲ್ಮುರು ಸೀಮೆಯ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ದೇವಸ್ಥಾನಕ್ಕೆ ಹತ್ತುವ ಮೆಟ್ಟಿಲ ಪಕ್ಕಕ್ಕೆ ಉಬ್ಬುತಗ್ಗಾದ ಒಂದು ಹಾಸುಬಂಡೆ ಇದೆ. ಸುತ್ತಿನ ಊರವರು ಅದನ್ನು ಬಳೆಗಾರ ಗುಂಡು ಎಂದು ಕರೆಯುತ್ತಿದ್ದರು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದರ ಮೇಲೆ ಬ್ರಾಹ್ಮೀ ಅಕ್ಷರಗಳನ್ನು ಗುರುತಿಸುವ ಹೊತ್ತಿಗೆ ಬಹುಪಾಲು ಸವೆದುಹೋಗಿತ್ತು. ಯಾರೂ ಬೇಕೆಂದು ಕೆಡಿಸಿದ್ದಲ್ಲ. ಬೆಟ್ಟ ಹತ್ತಿದ ಭಕ್ತರು ದಣಿವಾರಿಸಿಕೊಳ್ಳುವ ಜಾಗ ಅದು. ಅವರ ಕಾಲು, ಬಿಸಿಲು, ಮಳೆ ಮೂರೂ ಸೇರಿ ತೇದವು. ಪುಣ್ಯಕ್ಕೆ ಇದೇ ಪಾಠ ಹತ್ತಿರದ ಸಿದ್ದಾಪುರದಲ್ಲೂ ಬ್ರಹ್ಮಗಿರಿಯಲ್ಲೂ ಇರುವುದರಿಂದ ಅಶೋಕ ಇಲ್ಲಿಗೆ ಏನು ಬರೆಸಿ ಕಳಿಸಿದ ಎಂಬುದು ನಮಗೆ ತಿಳಿದಿದೆ.

ಅದೊಂದು ಸರ್ಕಾರಿ ಸುತ್ತೋಲೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ (ಆರ್ಯಪುತ್ರ) ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಲ್ಲಿನ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ದೊರೆಯ ಮಾತು ತಿಳಿಸುತ್ತಾರೆ. ತಂದೆತಾಯಿಯ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿ, ಸತ್ಯ ನುಡಿಯಿರಿ, ಶಿಷ್ಯನಾದವನು ಆಚಾರ್ಯನನ್ನು ಗೌರವಿಸಲಿ, ಇದೇ ಹಿಂದಿನಿಂದ ಬಂದ ನಡತೆ. ಬರೆದ ಲಿಪಿಕಾರನ ಹೆಸರು ಚಪಡ. ಗುರುವನ್ನು ಶಿಷ್ಯ ಪ್ರಶ್ನಿಸಬಹುದೇ ಎಂಬ ಸೊಲ್ಲೇ ಇದರಲ್ಲಿಲ್ಲ. ಆದರೆ ವಿಧೇಯತೆಯ ಈ ಪಾಠದ ಮೊದಲ ಭಾಗದಲ್ಲೇ ದೊರೆ ತನ್ನ ವಿಷಯವಾಗಿ ಒಂದು ಮಾತು ಹೇಳಿಕೊಂಡಿದ್ದಾನೆ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲ ಒಂದು ವರ್ಷ ಏನೂ ಶ್ರಮಪಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಗಟ್ಟಿಯಾಗಿ ತೊಡಗಿದೆ ಎಂದು. ಧರ್ಮದ ಹೆಸರು ಹೇಳಿ ಆಳುವವನು ತನ್ನ ಸೋಮಾರಿತನವನ್ನು ರಾಜ್ಯದ ಉದ್ದಗಲಕ್ಕೂ ಕಲ್ಲಿನಲ್ಲಿ ಬರೆಸುವುದು ಇಂದಿಗೂ ಅಪರೂಪ.

ಅಶೋಕ ಧರ್ಮವಿಮರ್ಶೆಯ ಬಗ್ಗೆ ನೇರವಾಗಿ ಮಾತಾಡಿದ್ದು ಹನ್ನೆರಡನೆಯ ಶಿಲಾಶಾಸನದಲ್ಲಿ. ಅದರ ಒಂದು ಪ್ರತಿ ಕರ್ನಾಟಕದಲ್ಲೇ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿದೆ. ಸಿಕ್ಕ ಕಥೆಯೂ ಕೇಳುವಂಥದ್ದು. 1980ರ ದಶಕದಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ಗುಡಿಗೆ ಧಕ್ಕೆಯಾಗಿ, ವಿಗ್ರಹದ ಪೀಠ ಹೊರಗೆ ಬಂದಾಗ ಆ ಪೀಠವೇ ಅಶೋಕನ ಶಾಸನ! ಹಿಂದೆ ಯಾರೋ ಚಪ್ಪಡಿ ಚೆನ್ನಾಗಿದೆಯೆಂದು ತಂದು, ಮೂರ್ತಿ ನಿಲ್ಲಿಸಲು ನಡುವೆ ಕಂಡಿ ಕೊರೆದು ಕೂರಿಸಿದ್ದರು. ಎಲ್ಲ ಪಂಥಗಳೂ ಒಬ್ಬರ ಮಾತು ಒಬ್ಬರು ಕೇಳಲಿ ಎಂದ ಕಲ್ಲು ಶತಮಾನಗಳ ಕಾಲ ದೇವಿಯ ಪಾದದ ಕೆಳಗೆ ಮಾತಿಲ್ಲದೆ ಪೂಜೆ ಪಡೆಯಿತು.

ಈ ಶಾಸನವನ್ನು ಸಹಿಷ್ಣುತೆಯ ಸನ್ನದು ಎಂದು ಪಠ್ಯಪುಸ್ತಕಗಳು ಹೊಗಳಿ ಮುಂದೆ ಸಾಗುತ್ತವೆ. ನಿಧಾನವಾಗಿ ಓದಿದರೆ ಅದರಲ್ಲಿ ಎರಡು ದನಿ ಕೇಳುತ್ತದೆ. ಮೊದಲನೆಯದು ಉದಾರ: ತನ್ನ ಪಂಥವನ್ನು ಮೆರೆಸಲು ಇತರರನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚು ಕೆಡುಕು ಮಾಡುತ್ತಾನೆ, ಪರಸ್ಪರರ ಧರ್ಮವನ್ನು ಕೇಳಬೇಕು, ಎಲ್ಲರೂ ಬಹುಶ್ರುತರಾಗಬೇಕು. ಬರಿಯ ಸಹನೆಗಿಂತ ಇದು ದೊಡ್ಡ ಮಾತು. ಸಹಿಸುವವನು ಕಿವಿ ಮುಚ್ಚಿಕೊಂಡೂ ಸಹಿಸಬಹುದು. ಅಶೋಕ ಕೇಳು ಎನ್ನುತ್ತಾನೆ.

ಎರಡನೆಯ ದನಿ ಆಡಳಿತಗಾರನದು. ಎಲ್ಲಕ್ಕೂ ಮೂಲ ನಾಲಗೆಯ ಹಿಡಿತ. ಸಂದರ್ಭವಿಲ್ಲದೆ ಇತರರನ್ನು ಹಳಿಯಬಾರದು, ಸಂದರ್ಭವಿದ್ದರೂ ಹಗುರವಾಗಿ ಹೇಳಬೇಕು. ಅಂದರೆ ಟೀಕೆ ಕೂಡದೆಂದೇನೂ ಇಲ್ಲ, ಹೊತ್ತು ನೋಡಿ ಆಡಬೇಕು. ಆ ಹೊತ್ತನ್ನು ಗೊತ್ತುಮಾಡುವವರು ಯಾರು? ಇದರ ಉಸ್ತುವಾರಿಗೆ ಧರ್ಮಮಹಾಮಾತ್ರರು, ಹೆಂಗಸರ ಮೇಲ್ವಿಚಾರಕರು ಮೊದಲಾದ ಅಧಿಕಾರಿಗಳಿದ್ದಾರೆ ಎಂದು ಶಾಸನವೇ ಉತ್ತರ ಕೊಡುತ್ತದೆ. ಪ್ರಶ್ನೆ ಕೇಳುವ ಮುಹೂರ್ತ ಕಚೇರಿಯ ಕೈಗೆ ಹೋಯಿತು. ಧಾರ್ಮಿಕ ಭಾವನೆಗೆ ಧಕ್ಕೆ ತರುವುದರ ವಿರುದ್ಧ 1927ರಲ್ಲಿ ಬ್ರಿಟಿಷರು ದಂಡಸಂಹಿತೆಗೆ ಸೇರಿಸಿದ 295ಎ ಕಲಮಿನ ಅಡಿಯಲ್ಲೂ, 2024ರಲ್ಲಿ ಅದರ ಜಾಗಕ್ಕೆ ಬಂದ ಕಲಮಿನ ಅಡಿಯಲ್ಲೂ ಆಗುತ್ತಿರುವುದು ಇದೇ. ನೊಂದೆವು ಎನ್ನುವವರು ದೂರು ಕೊಡುತ್ತಾರೆ, ಮಾತು ಸರಿಯೋ ತಪ್ಪೋ ಎಂಬ ವಿಚಾರ ಹಿಂದೆ ಸರಿದು ಶಾಂತಿ ಕದಡಿತೋ ಇಲ್ಲವೋ ಎಂಬುದು ಮುಂದೆ ಬರುತ್ತದೆ.

ಇನ್ನೊಂದು ಎಡವಟ್ಟು ಇದಕ್ಕಿಂತ ಒಳಗಿನದು. ಪಂಥ ಪಂಥಗಳ ನಡುವೆ ಸಂವಾದ ಬಯಸಿದ ಇದೇ ದೊರೆ ಸಾರನಾಥ, ಸಾಂಚಿ, ಕೌಶಾಂಬಿಯ ಕಂಬಗಳಲ್ಲಿ ಬೇರೊಂದು ಆಜ್ಞೆ ಬರೆಸಿದ. ಸಂಘವನ್ನು ಒಡೆಯುವ ಭಿಕ್ಷು ಭಿಕ್ಷುಣಿಯರಿಗೆ ಬಿಳಿ ಬಟ್ಟೆ ಉಡಿಸಿ ವಿಹಾರದಿಂದ ಹೊರಗೆ ಹಾಕಿ ಎಂದು. ಪಕ್ಕದ ಮನೆಯವನ ಮಾತನ್ನು ಗೌರವದಿಂದ ಕೇಳು, ನಿನ್ನ ಮನೆಯೊಳಗೆ ತಕರಾರು ತೆಗೆದವನನ್ನು ಆಚೆಗೆ ಕಳಿಸು! ಸಂಘದ ಶಿಸ್ತಿಗೆ ಅದು ಬೇಕಿತ್ತು ಎಂದು ಸಮರ್ಥಿಸುವವರಿದ್ದಾರೆ. ಇರಬಹುದು. ಆದರೆ ಸಂಘಟಿತ ಧರ್ಮದ ನಿಜವಾದ ಪರೀಕ್ಷೆ ಇರುವುದು ಇಲ್ಲೇ ಎಂದು ನನ್ನ ಎಣಿಕೆ. ಹೊರಗಿನ ಟೀಕಾಕಾರನಿಗೆ ಹಾರ ಹಾಕಿ ಸರ್ವಧರ್ಮ ಸಮ್ಮೇಳನದ ವೇದಿಕೆಯಲ್ಲಿ ಕೂರಿಸುವುದು ಸುಲಭ. ಅವನು ಸಂಜೆ ಬಸ್ಸು ಹತ್ತಿ ಹೋಗುತ್ತಾನೆ. ಒಳಗಿನವನು ನಾಳೆಯೂ ಅದೇ ಪಂಕ್ತಿಯಲ್ಲಿ ಕೂರುವವನು.

ಹೊರಗಿನವರ ಮೇಲೂ ಅಶೋಕನ ನಾಲಗೆಗೆ ಎಲ್ಲ ಕಡೆ ಹಿಡಿತವಿರಲಿಲ್ಲ. ಒಂಬತ್ತನೆಯ ಶಾಸನದಲ್ಲಿ (ನಮಗೆ ಹತ್ತಿರದ ಪ್ರತಿ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ) ಕಾಯಿಲೆ, ಮದುವೆ, ಹೆರಿಗೆ, ಪ್ರಯಾಣಗಳ ಹೊತ್ತಿನಲ್ಲಿ ಜನ ಮಾಡುವ ಶಾಸ್ತ್ರಗಳನ್ನು ಅಲ್ಪಫಲದವು ಎನ್ನುತ್ತಾನೆ. ಅದರಲ್ಲೂ ಹೆಂಗಸರು ಮಾಡುವ ಬಗೆಬಗೆಯ ಆಚರಣೆಗಳು ಕ್ಷುಲ್ಲಕ, ನಿರರ್ಥಕ. ಟೀಕೆಯಲ್ಲಿ ಹುರುಳಿದೆ. ಆದರೆ ಆ ಹೆಂಗಸರು ಏಕೆ ಹಾಗೆ ಮಾಡುತ್ತಾರೆ ಎಂದು ದೊರೆ ಕೇಳಿದ ಸುಳಿವಿಲ್ಲ. ಬಹುಶ್ರುತನಾಗು ಎಂದವನು ಶ್ರಮಣ ಬ್ರಾಹ್ಮಣರ ಮಾತಿಗೆ ಕೊಟ್ಟ ಕಿವಿಯನ್ನು ಬಾಣಂತಿಯ ಮಾತಿಗೆ ಕೊಡಲಿಲ್ಲ.

ಕನ್ನಡದ ನೆಲದಲ್ಲಿ ಇದಕ್ಕಿಂತ ಮೇಲಾದ ಮಾದರಿ ಇತ್ತೇ? ಇತ್ತು, ಹನ್ನೆರಡನೆಯ ಶತಮಾನದ ಶರಣರಲ್ಲಿ. ಅವರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆಗಳಲ್ಲಿ ಅಲ್ಲಮ ಮಾಡುವ ಕೆಲಸ ಒಂದೇ, ಒಳಗಿನವರನ್ನು ಪ್ರಶ್ನಿಸುವುದು. ದೇಹದ ಹಂಗು ಬಿಟ್ಟೆನೆಂದ ಅಕ್ಕಮಹಾದೇವಿಗೆ ಮೈಗೆ ಕೂದಲ ಮರೆ ಏಕೆ ಎನ್ನುತ್ತಾನೆ. ಅವಳು ತಡವರಿಸದೆ ಉತ್ತರ ಕೊಡುತ್ತಾಳೆ. ಸೊನ್ನಲಿಗೆಗೆ ಹೋಗಿ, ಕೆರೆ ಕಟ್ಟಿ ಪುಣ್ಯ ಗಳಿಸುತ್ತಿದ್ದ ಸಿದ್ಧರಾಮನನ್ನು ಒಡ್ಡ ಎಂದು ಕೆಣಕುತ್ತಾನೆ. ಸಿದ್ಧರಾಮನ ಆಳುಗಳು ಕಲ್ಲು ಬೀರುತ್ತಾರೆ, ಸಿದ್ಧರಾಮ ಮಾತಿಗೆ ಕೂರುತ್ತಾನೆ. ಮುಕ್ತಾಯಕ್ಕನಂತೂ ಅಲ್ಲಮನನ್ನೇ ನಿಲ್ಲಿಸಿ ಕೇಳುತ್ತಾಳೆ. ಹೊತ್ತು ನೋಡಿ ಕೇಳು ಎಂಬ ಕಟ್ಟಳೆ ಇಲ್ಲಿಲ್ಲ.   

ಆದರೂ ಶೂನ್ಯಸಂಪಾದನೆಯನ್ನು ಅತಿಯಾಗಿ ಮೆಚ್ಚಿಕೊಳ್ಳಲು ನನಗೆ ಅಳುಕು. ಅವು ಸಂಪಾದನೆಗೊಂಡದ್ದು ಶರಣರ ಕಾಲದಲ್ಲಲ್ಲ, 15ನೇ ಶತಮಾನದಿಂದೀಚೆಗೆ. ಅಲ್ಲಿ ವಾದಕ್ಕೆ ಬಂದವರು ಕೊನೆಗೆ ಒಪ್ಪಿಕೊಂಡೇ ಏಳುತ್ತಾರೆ. ನಾಥಪಂಥದ ಗೋರಕ್ಷನೂ ಶರಣಾಗುತ್ತಾನೆ. ನೀನು ಹೇಳಿದ್ದು ಕೇಳಿದೆ, ಒಪ್ಪುವುದಿಲ್ಲ, ಆದರೂ ಇಲ್ಲೇ ಇರುತ್ತೇನೆ ಎಂದು ಕೂತವರು ನೆನಪಿನಲ್ಲಿ ಉಳಿಯುವುದಿಲ್ಲ. ಪ್ರಶ್ನೆ ಒಪ್ಪಿಗೆಗೆ ಏಣಿಯಾದರೆ ಮಾತ್ರ ಸ್ವಾಗತ ಎಂಬ ಷರತ್ತು ಇಲ್ಲೇ ಹುಟ್ಟಿದೆ.

ಆ ಷರತ್ತು ಎಷ್ಟು ಬಿಗಿ ಎಂಬುದು ನಮ್ಮ ಕಾಲದಲ್ಲಿ ಗೊತ್ತಾಯಿತು. ಚೆನ್ನಬಸವಣ್ಣನ ಹುಟ್ಟಿನ ವಿಚಾರ ಎತ್ತಿದ್ದಕ್ಕೆ ಸಂಶೋಧಕ ಎಂ.ಎಂ. ಕಲಬುರ್ಗಿಯವರ ‘ಮಾರ್ಗ’ ಗ್ರಂಥದ ಮೇಲೆ ಗದ್ದಲವೆದ್ದು, 1989ರಲ್ಲಿ ಅವರು ತಮ್ಮ ಬರಹವನ್ನು ಹಿಂತೆಗೆದುಕೊಳ್ಳಬೇಕಾಯಿತು. ಅಂದು ತಾವು ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡಂತಾಯಿತು ಎಂಬರ್ಥದ ಮಾತನ್ನು ಅವರೇ ಹೇಳಿದ್ದರು. ಶರಣರ ಬದುಕನ್ನು ಕುರಿತ ಪಿ.ವಿ. ನಾರಾಯಣರ ಕಾದಂಬರಿ ‘ಧರ್ಮಕಾರಣ’ವನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಸಾಹಿತಿ ಬರಗೂರು ರಾಮಚಂದ್ರಪ್ಪನವರು ಅದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದರೂ 2007ರಲ್ಲಿ ಮುಟ್ಟುಗೋಲೇ ಊರ್ಜಿತವಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಬಾಗಿಲಲ್ಲಿ ಕಲಬುರ್ಗಿಯವರ ಕೊಲೆಯಾಯಿತು. ಆ ಕೊಲೆಯನ್ನು 1989ರ ಜಗಳಕ್ಕೆ ಗಂಟುಹಾಕುವುದು ಅನ್ಯಾಯ. ಎರಡರ ಹಿಂದಿನ ಶಕ್ತಿಗಳು ಬೇರೆ. ಆದರೆ ವಿದ್ವಾಂಸನ ಬರಹಕ್ಕೆ ಇನ್ನೊಂದು ಬರಹದಿಂದ ಉತ್ತರ ಕೊಡುವ ಪಾಠ ನಾಡಿಗೆ ಮೊದಲೇ ಮರೆತುಹೋಗಿತ್ತು. ಅಪ್ಪನ ಹೆಸರು ಕೇಳದೆ ಎಲ್ಲರನ್ನೂ ಒಳಗೆ ಕರೆದುಕೊಂಡ ಶರಣರ ಹೆಸರಿನಲ್ಲಿ ಒಬ್ಬ ಶರಣನ ಅಪ್ಪ ಯಾರೆಂಬ ವಿಚಾರಕ್ಕೆ ಇಷ್ಟು ಸಿಟ್ಟು ಬಂದದ್ದು ನನಗೆ ಇವತ್ತಿಗೂ ಅರಗದ ಸಂಗತಿ.

ಮಠಗಳನ್ನು, ಪುಸ್ತಕಗಳನ್ನು ಬಿಟ್ಟು ಮತ್ತೆ ಮೊಳಕಾಲ್ಮುರು, ಚಳ್ಳಕೆರೆ ಸೀಮೆಗೇ ಬರೋಣ. ಧರ್ಮ ಇಲ್ಲಿ ಗ್ರಂಥದಲ್ಲಿಲ್ಲ. ಮ್ಯಾಸಬೇಡ, ಕಾಡುಗೊಲ್ಲ ಸಮುದಾಯಗಳ ದೇವರ ಎತ್ತು, ಪೂಜಾರಿ, ಯಜಮಾನ, ನ್ಯಾಯ ತೀರ್ಮಾನಿಸುವ ಕಟ್ಟೆಮನೆಗಳಲ್ಲಿದೆ. ಸಂಘಟನೆಯಲ್ಲಿ ಅದು ಯಾವ ಮಠಕ್ಕೂ ಕಡಿಮೆಯಿಲ್ಲ. ಎಷ್ಟೋ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವಳೂ ಹೆತ್ತವಳೂ ಹಟ್ಟಿಯ ಹೊರಗೆ ಗುಡ್ಲಿನಲ್ಲಿ ಇರಬೇಕೆಂಬ ಕಟ್ಟಳೆ ಇನ್ನೂ ಉಸಿರಾಡುತ್ತಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಮಳೆಗಾಳಿಯಲ್ಲಿ ಗುಡ್ಲಿನಲ್ಲಿದ್ದ ಹಸುಗೂಸು ಸತ್ತಿತು. ಏಕೆ ಎಂದರೆ ಹಟ್ಟಿಯೊಳಗೆ ದೇವರಿದೆ, ಮೈಲಿಗೆಯಾದರೆ ಮುನಿಯುತ್ತದೆ ಎಂಬ ಉತ್ತರ ಬರುತ್ತದೆ. ಹೇಳುವವರು ಕ್ರೂರಿಗಳಲ್ಲ. ದನ ಕುರಿಗಳಿಗೆ ಕಾಯಿಲೆ ಬಂದರೆ ಆ ತಪ್ಪು ತಮ್ಮ ತಲೆಗೆ ಬರುತ್ತದೆ ಎಂಬ ದಿಗಿಲು ಅವರದು.

ಸರ್ಕಾರದ ಪ್ರತಿಕ್ರಿಯೆ ಎರಡು ಬಗೆಯಲ್ಲಿ ಬಂತು. ಒಂದು, ಅಧಿಕಾರಿಗಳು ಜೀಪಿನಲ್ಲಿ ಬಂದು ಗುಡ್ಲು ಕಿತ್ತುಹಾಕುವುದು. ಇನ್ನೊಂದು, ಕೆಲವು ಹಟ್ಟಿಗಳ ಅಂಚಿನಲ್ಲಿ ಹೊರಗಾದವರಿಗೆಂದೇ ಪಕ್ಕಾ ಕಟ್ಟಡ ಕಟ್ಟಿಸಿದ್ದು. ಮೊದಲನೆಯದು ಒಂಬತ್ತನೆಯ ಶಾಸನದ ದೊರೆಯ ದನಿ. ಎರಡನೆಯದು ಅನಿಷ್ಟಕ್ಕೆ ಸಿಮೆಂಟಿನ ಸೂರು. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಮೌಢ್ಯ ನಿಷೇಧ ಕಾಯ್ದೆ ಮುಟ್ಟಾದ ಹೆಂಗಸರನ್ನು ಬಲವಂತವಾಗಿ ಹೊರಗಿಡುವುದನ್ನು ಅಪರಾಧವೆನ್ನುತ್ತದೆ. ಸರಿಯೇ. ಆದರೆ ದೂರು ಕೊಡಬೇಕಾದವಳು ಅದೇ ಹಟ್ಟಿಯ ಸೊಸೆ. ಅತ್ತೆ, ಮಾವ, ಗಂಡ, ಪೂಜಾರಿ ಎಲ್ಲರ ಮೇಲೂ ದೂರು ಕೊಟ್ಟು ಸಂಜೆಗೆ ಅವಳು ಯಾರ ಮನೆಗೆ ಹೋಗಬೇಕು? ಕಟ್ಟೆಯ ಮೇಲೆ ಮಾತು ಗಂಡಸರದು, ಅವಳ ಪ್ರಶ್ನೆಗೆ ಅಲ್ಲಿ ಯಾವ ಹೊತ್ತೂ ಹೊತ್ತಲ್ಲ.

ಹಾಗಾದರೆ ಧರ್ಮ ತನ್ನ ವಿಮರ್ಶೆಯನ್ನು ಸ್ವಾಗತಿಸಬೇಕೇ ಎಂದರೆ, ಸ್ವಾಗತ ನನಗೆ ದೊಡ್ಡದಾಗಿ ಕಾಣುವುದಿಲ್ಲ. ಯಾವ ಪೂಜಾರಿಯೂ ಸ್ವಾಮಿಯೂ ಮನಸಾರೆ ಸ್ವಾಗತಿಸಲಾರ, ಬೇಡ. ಕೇಳಿದವರಿಗೆ ಉತ್ತರ ಕೊಡಬೇಕು, ಕೇಳಿದ ಮೇಲೂ ಒಪ್ಪದಿದ್ದರೆ ಅವರನ್ನು ಪಂಕ್ತಿಯಿಂದ ಎಬ್ಬಿಸಬಾರದು, ಅಷ್ಟು ಸಾಕು. ಚಳ್ಳಕೆರೆಯ, ಚಿತ್ರದುರ್ಗದ ಹಾಸ್ಟೆಲುಗಳಲ್ಲಿ ಓದುವ ಹಟ್ಟಿಯ ಹುಡುಗಿಯರು ಆ ಮೂರು ದಿನ ಎಲ್ಲರ ಜೊತೆ ಮಲಗಿ ಎದ್ದು ತರಗತಿಗೆ ಹೋಗುತ್ತಾರೆ. ಅಲ್ಲಿ ಮುನಿಯದ ದೇವರು ಇಲ್ಲೇಕೆ ಮುನಿಯುತ್ತದೆ ಎಂದು ಕಟ್ಟೆಯ ಮುಂದೆ ಕೇಳಲು ಅವರಿಗಿಂತ ಹಕ್ಕುಳ್ಳವರು ಇಲ್ಲ. ಗುಡ್ಲು ಕೀಳಲು ಹೊರಡುವ ತಹಶೀಲ್ದಾರರಿಗೆ ಅದಕ್ಕಿಂತ ಮೊದಲಿನ ಕೆಲಸ ಒಂದಿದೆ: ಹಾಗೆ ಕೇಳಿದ ಹುಡುಗಿಯ ಮನೆಯವರಿಗೆ ಮರುದಿನ ಹಟ್ಟಿಯ ಬಾವಿಯಲ್ಲಿ ನೀರು, ಮದುವೆಮನೆಯಲ್ಲಿ ಕರೆ, ಕಟ್ಟೆಯಲ್ಲಿ ಜಾಗ ತಪ್ಪದಂತೆ ನೋಡಿಕೊಳ್ಳುವುದು.