ಪರಪುಟ್ಟೆಯ ಸಾಕ್ಷ್ಯ: ಶಾಕುಂತಲದ ಐದನೆಯ ಅಂಕವನ್ನು ಕುರಿತು

ಶಕುಂತಲೆಯ ಹೆಸರಿಗೆ ಮಹಾಭಾರತದ ಆದಿಪರ್ವವು ಕಾರಣ ಹೇಳುತ್ತದೆ. ಮೇನಕೆ ಮಾಲಿನೀ ನದಿಯ ದಡದಲ್ಲಿ ತೊರೆದುಹೋದ ಹಸುಳೆಯನ್ನು, ಸಿಂಹ ಹುಲಿಗಳು ತಿರುಗುವ ಆ ಕಾಡಿನಲ್ಲಿ, ಹಕ್ಕಿಗಳು ಸುತ್ತುವರಿದು ಕಾದವು. ಸ್ನಾನಕ್ಕೆಂದು ಬಂದ ಕಣ್ವರು ಕಂಡು ಎತ್ತಿಕೊಂಡರು. ಶಕುಂತಗಳು ಪೊರೆದವಳು ಶಕುಂತಲೆ. ಕಾಳಿದಾಸನ ನಾಟಕದಲ್ಲಿ ಈ ನಿರುಕ್ತಿಯನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅನಸೂಯೆ ದೊರೆಗೆ ಗೆಳತಿಯ ಹುಟ್ಟಿನ ಕತೆ ಹೇಳುವಾಗಲೂ ಹಕ್ಕಿಗಳ ಪ್ರಸ್ತಾಪವಿಲ್ಲ. ಕವಿ ಅದನ್ನು ಬೇಡವೆಂದು ಬಿಟ್ಟನೆಂದೇ ನಾನು ಬಹುಕಾಲ ಭಾವಿಸಿದ್ದೆ. ಈಗ ಹಾಗೆ ತೋರುವುದಿಲ್ಲ. ಹಕ್ಕಿ ಮರಳಿ ಬರುತ್ತದೆ, ಆದರೆ ದೊರೆಯ ಬಾಯಲ್ಲಿ, ಬೈಗುಳವಾಗಿ.

ಆಸ್ಥಾನದಲ್ಲಿ ಉಂಗುರವಿಲ್ಲವೆಂದು ತಿಳಿದ ಮೇಲೆ ಶಕುಂತಲೆ ಒಂದು ನೆನಪನ್ನು ಮುಂದಿಡುತ್ತಾಳೆ. ಬಳ್ಳಿಮಾಡದಲ್ಲಿ ದೊರೆಯ ಕೈಯ ತಾವರೆಯೆಲೆಯ ದೊನ್ನೆಯಲ್ಲಿ ನೀರಿತ್ತು; ಅವಳು ಮಗನಂತೆ ಸಾಕಿದ್ದ ದೀರ್ಘಾಪಾಂಗನೆಂಬ ಜಿಂಕೆಮರಿ ಅಲ್ಲಿಗೆ ಬಂತು. ಅಪರಿಚಿತನ ಕೈಯಿಂದ ಅದು ಕುಡಿಯಲಿಲ್ಲ, ಅದೇ ನೀರನ್ನು ಅವಳು ಹಿಡಿದಾಗ ಕುಡಿಯಿತು. ಆಗ ದೊರೆ ನಕ್ಕು, ಎಲ್ಲರೂ ತಮ್ಮವರನ್ನೇ ನಂಬುವರು, ನೀವಿಬ್ಬರೂ ಕಾಡಿನವರಲ್ಲವೆ ಎಂಬ ಅರ್ಥದ ಮಾತಾಡಿದ್ದನಂತೆ. ಈ ಪ್ರಸಂಗವನ್ನು ಮುಗ್ಧೆಯೊಬ್ಬಳ ದುರ್ಬಲ ವಾದವೆಂದು ತರಗತಿಗಳಲ್ಲಿ ಪಾಠ ಹೇಳುವುದುಂಟು. ನನಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಇಡೀ ನಾಟಕದಲ್ಲಿ ಕಾಣದು. ಉಂಗುರವನ್ನು ಕದಿಯಬಹುದು, ಕಳೆಯಬಹುದು, ಮೀನು ನುಂಗಬಹುದು. ಜಿಂಕೆಮರಿಯ ಹಿಂಜರಿಕೆಯನ್ನು ಅಲ್ಲಿದ್ದವರಲ್ಲದೆ ಬೇರೆಯವರು ಹೇಳಲಾರರು. ಕಾಡಿನಲ್ಲಿ ನಂಬಿಕೆಗೆ ಅಳತೆಗೋಲು ಅದೇ: ಯಾರ ಕೈಯಿಂದ ಯಾವ ಪ್ರಾಣಿ ನೀರು ಕುಡಿಯಿತು. ಊರಿನ ಅಳತೆಗೋಲು ಬೇರೆ. ಕೊನೆಗೂ ದೊರೆ ನಂಬಿದ್ದು ತನ್ನದೇ ಹೆಸರು ಕೊರೆದ ವಸ್ತುವನ್ನು.

ತಪೋವನದಲ್ಲಿ ಬೆಳೆದ ಈ ಹುಡುಗಿಗೆ ಕಪಟ ಗೊತ್ತಿಲ್ಲವೆಂದು ಗೌತಮಿ ಹೇಳಿದಾಗ ದುಷ್ಯಂತ ಕೊಡುವ ಉತ್ತರದಲ್ಲಿ ಕೋಗಿಲೆ ಬರುತ್ತದೆ. ಕಲಿಸದೆಯೇ ಜಾಣತನ ಬಲ್ಲ ಹೆಣ್ಣುಜಾತಿ, ತನ್ನ ಮರಿಗಳು ಹಾರುವವರೆಗೆ ಅವನ್ನು ಬೇರೆ ಹಕ್ಕಿಗಳಿಂದ ಸಾಕಿಸಿಕೊಳ್ಳುವ ಹಕ್ಕಿ ಎಂಬುದು ಅದರ ತಾತ್ಪರ್ಯ. ದುರ್ವಾಸರ ಶಾಪ ದೊರೆಯ ನೆನಪನ್ನು ಅಳಿಸಿತ್ತು, ಆದ್ದರಿಂದ ಅವನು ನಿರ್ದೋಷಿ ಎಂದು ವಾದಿಸುವವರು ಇಲ್ಲಿ ನಿಲ್ಲಬೇಕು. ಶಾಪ ನೆನಪನ್ನು ಕಿತ್ತುಕೊಳ್ಳಬಲ್ಲುದು, ಉಪಮೆಯನ್ನು ಒದಗಿಸಲಾರದು. ಕೋಗಿಲೆ ಅವನ ಸ್ವಂತ ಉಗ್ರಾಣದ್ದು. ವ್ಯಾಸರ ದುಷ್ಯಂತ ಎಲ್ಲವನ್ನೂ ಬಲ್ಲವನಾಗಿ ಸುಳ್ಳು ಹೇಳುತ್ತಾನೆ. ಕಾಳಿದಾಸನು ಶಾಪವನ್ನು ತಂದು ಆ ಸುಳ್ಳಿನಿಂದ ಅವನನ್ನು ಬಿಡಿಸಿದ, ಈ ಉಪಮೆಯಿಂದ ಬಿಡಿಸಲಿಲ್ಲ. ಬೈಗುಳ ಗುರಿಯನ್ನೂ ತಪ್ಪಿದೆ. ಶಕುಂತಲೆ ಮೊಟ್ಟೆಯನ್ನು ಅನ್ಯರ ಗೂಡಿನಲ್ಲಿಟ್ಟ ತಾಯಿಯಲ್ಲ, ಅನ್ಯರ ಗೂಡಿನಲ್ಲಿ ಕಣ್ಣು ತೆರೆದ ಮರಿ.

ಇನ್ನೂ ಒಂದು ಸಂಗತಿಯಿದೆ. ನಾಲ್ಕನೆಯ ಅಂಕದಲ್ಲಿ ಅವಳು ಹೊರಟಾಗ ಕೇಳಿಬಂದ ಕೋಗಿಲೆಯ ದನಿಯನ್ನು ಆಶ್ರಮದವರು ಮರಗಳ ಒಪ್ಪಿಗೆಯೆಂದು ಗ್ರಹಿಸುತ್ತಾರೆ. ಎರಡೂ ಕಡೆ ಕವಿ ಬಳಸಿದ ಪದ ಒಂದೇ: ಪರಭೃತ, ಅನ್ಯರು ಪೊರೆದದ್ದು. ಕಾಡು ಯಾವ ಹೆಸರಿನ ಹಕ್ಕಿಯಿಂದ ಅವಳನ್ನು ಹರಸಿ ಕಳಿಸಿತೋ ಊರು ಅದೇ ಹೆಸರಿನಿಂದ ಹಳಿಯುತ್ತದೆ. ಚುರಮರಿ ಶೇಷಗಿರಿರಾಯರು, ಬಸವಪ್ಪ ಶಾಸ್ತ್ರಿಗಳು, ಎಸ್.ವಿ. ಪರಮೇಶ್ವರ ಭಟ್ಟರು ಎಂದು ಈ ನಾಟಕ ಕನ್ನಡಕ್ಕೆ ಮತ್ತೆ ಮತ್ತೆ ಬಂದಿದೆ. ಹಾಗೆ ತರುವವರ ಮುಂದಿನ ತೊಡಕು ಸಣ್ಣದಲ್ಲ. 'ಕೋಗಿಲೆ' ಎಂದರೆ ಕಿವಿಗೆ ಇಂಪು, ಆದರೆ ಸಾಕುಮರಿಯ ಅರ್ಥ ಉದುರಿಹೋಗುತ್ತದೆ. ಹಳಗನ್ನಡದ ಕವಿಗಳಿಗೆ 'ಪರಪುಟ್ಟ' ಎಂಬ ತದ್ಭವವಿತ್ತು. ಪುಷ್ಟ ಪುಟ್ಟವಾದಾಗ 'ಹುಟ್ಟು' ಮತ್ತು 'ಪುಟ್ಟ ಕೂಸು' ಎರಡರ ನೆರಳೂ ಕನ್ನಡ ಕಿವಿಗೆ ಬೀಳುತ್ತವೆ. ವ್ಯುತ್ಪತ್ತಿಗೆ ಸಲ್ಲದ, ಕಾವ್ಯಕ್ಕೆ ಒದಗುವ ನೆರಳು. ಎರಡೂ ಅಂಕಗಳಲ್ಲಿ ಆ ಪದವನ್ನೇ ಇರಿಸಿದ ಅನುವಾದವೊಂದು ಬಂದರೆ ಸಂತೋಷಪಡುತ್ತೇನೆ.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಬಳಿ ವಾಸಿಸುವ ನನಗೆ ಈ ಅಂಕವನ್ನು ಓದುವಾಗ ಇಲ್ಲಿನದೇ ಒಂದು ಘಟನೆ ನೆನಪಾಗುತ್ತದೆ. ಬರ್ಕ್‌ಲಿಯಲ್ಲಿ ಸಂಸ್ಕೃತ ಕಲಿಸುತ್ತಿದ್ದ ಆರ್ಥರ್ ರೈಡರ್ ಅವರ ಶಾಕುಂತಲದ ಇಂಗ್ಲಿಷ್ ಅನುವಾದ ಪ್ರಕಟವಾದದ್ದು 1912ರಲ್ಲಿ. ಅದರ ಹಿಂದಿನ ವರ್ಷ, 1911ರ ಆಗಸ್ಟಿನಲ್ಲಿ, ಓರೊವಿಲ್ ಊರಿನ ಕಸಾಯಿಖಾನೆಯ ಬಳಿ ಯಾಹಿ ಜನಾಂಗದ ಒಬ್ಬಂಟಿಯೊಬ್ಬ ಕಾಣಿಸಿಕೊಂಡಿದ್ದ. ರೈಡರ್ ಇದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೇ ಆತನನ್ನು ಸ್ಯಾನ್ ಫ್ರಾನ್ಸಿಸ್ಕೊದ ತನ್ನ ವಸ್ತುಸಂಗ್ರಹಾಲಯಕ್ಕೆ ಕರೆತಂದಿತು. ಆತನನ್ನು ಮೃಗಗಳು ಸಾಕಿರಲಿಲ್ಲ. ತಾಯಿ, ಭಾಷೆ, ಕುಲ ಎಲ್ಲವೂ ಇದ್ದವು. ಕುಲವನ್ನು ಅಳಿಸಿದವರು ಬಂದು ನೆಲೆಸಿದ ಬಿಳಿಯರು. ಆದರೂ ಪತ್ರಿಕೆಗಳು ಕಾಡುಮನುಷ್ಯನೆಂದೇ ಬರೆದವು, ಜನ ನೋಡಲು ನೆರೆದರು, ಆತ ಅವರ ಮುಂದೆ ಬಾಣದ ಮೊನೆಗಳನ್ನು ಕೆತ್ತಿ ತೋರಿಸಿದ. ತನ್ನ ಹೆಸರನ್ನು ತಾನೇ ಹೇಳುವುದು ಅವನ ಸಂಪ್ರದಾಯಕ್ಕೆ ಸಲ್ಲದ್ದರಿಂದ ಮಾನವಶಾಸ್ತ್ರಜ್ಞ ಕ್ರೋಬರ್ ಅವನನ್ನು 'ಇಶಿ' ಎಂದು ಕರೆದರು. ಯಾನಾ ಭಾಷೆಯಲ್ಲಿ ಅದರ ಅರ್ಥ ಮನುಷ್ಯ. 1916ರ ಮಾರ್ಚಿನಲ್ಲಿ ಕ್ಷಯದಿಂದ ತೀರಿಕೊಂಡ. ಸ್ವಂತ ಹೆಸರು ಯಾರಿಗೂ ತಿಳಿಯಲಿಲ್ಲ.

ಈ ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಒಬ್ಬಳು ಕಾವ್ಯದವಳು, ಇನ್ನೊಬ್ಬ ನೆತ್ತರು ಮಾಂಸದವನು. ಆದರೂ 'ಕಾಡಿನವರು' ಎಂಬ ಪದ ಯಾರ ಬಾಯಿಂದ ಬರುತ್ತದೆಂಬುದನ್ನು ಗಮನಿಸಬೇಕು. ಬಳ್ಳಿಮಾಡದಲ್ಲಿ ದೊರೆ ಅದನ್ನು ಸರಸಕ್ಕೆ ಆಡಿದ್ದ. ಶಕುಂತಲೆ ತುಂಬಿದ ಸಭೆಯಲ್ಲಿ ಆ ಮಾತನ್ನು ನೆನಪಿಸಿದಳು, ತನಗೇ ತಿರುಗೇಟಾಗುವುದೆಂಬ ಅರಿವಿಲ್ಲದೆ. ತಾನು ಕಾಡಿನವಳೆಂಬುದರಲ್ಲಿ ಅವಳಿಗೆ ನಾಚಿಕೆಯಿರಲಿಲ್ಲ.

ಏಳನೆಯ ಅಂಕದಲ್ಲಿ ಸಿಂಹದ ಮರಿಯನ್ನು ಎಳೆದಾಡುತ್ತಿರುವ ಬಾಲಕನಿಗೆ ತಾಪಸಿಯೊಬ್ಬಳು ಮಣ್ಣಿನ ನವಿಲನ್ನು ತೋರಿಸಿ, ಈ ಹಕ್ಕಿಯ ಚೆಲುವನ್ನು ನೋಡೆನ್ನುತ್ತಾಳೆ. ಪ್ರಾಕೃತದಲ್ಲಿ ಹಕ್ಕಿಯೂ ಚೆಲುವೂ ಕೂಡಿ ತಾಯಿಯ ಹೆಸರಿನಂತೆ ಕೇಳಿಸುತ್ತವೆ. ಶಕುಂತ, ಲಾವಣ್ಯ ಎರಡೂ ನಮ್ಮ ಪದಗಳೇ ಆಗಿರುವುದರಿಂದ ಕನ್ನಡಕ್ಕೆ ಈ ಶ್ಲೇಷ ಸುಲಭವಾಗಿ ದಕ್ಕುತ್ತದೆ. ಹುಡುಗ ನವಿಲನ್ನು ನೋಡುವುದಿಲ್ಲ. ತಾಯಿ ಎಲ್ಲಿ ಎಂದು ಸುತ್ತ ಕಣ್ಣಾಡಿಸುತ್ತಾನೆ.