ಹವಳದ ತೊಟ್ಟಿಗೆ ದೀಪ: ವಾಟ್, ಲಕ್ಸ್, ಕೆಲ್ವಿನ್‌ಗಳ ಗೊಂದಲ

ಅಕ್ವೇರಿಯಂಗಳಲ್ಲಿ ಎರಡು ಬಗೆ. ಮೀನುಗಳಿಗಾಗಿ ಇಟ್ಟ ತೊಟ್ಟಿಯಲ್ಲಿ ದೀಪ ಇರುವುದು ನೋಡುವವರಿಗಾಗಿ. ಜೀವಂತ ಹವಳಗಳ ತೊಟ್ಟಿಯಲ್ಲಿ ದೀಪ ಇರುವುದು ಹವಳಗಳ ಊಟಕ್ಕಾಗಿ. ಹವಳ ಪ್ರಾಣಿಯೇ ಆದರೂ ಅದರ ಜೀವಕೋಶಗಳೊಳಗೆ ಝೂಸಾಂಥೆಲೆ ಎಂಬ ಏಕಕೋಶ ಶೈವಲಗಳು ವಾಸಿಸುತ್ತವೆ. ಅವು ದ್ಯುತಿಸಂಶ್ಲೇಷಣೆಯಿಂದ ತಯಾರಿಸಿದ ಆಹಾರದ ಬಹುಪಾಲು ಹವಳಕ್ಕೆ ಸಲ್ಲುತ್ತದೆ. ಬೆಳಕು ಸಾಲದಿದ್ದರೆ ಹವಳ ಸೊರಗುತ್ತದೆ. ಬೆಳಕು ಅಥವಾ ಶಾಖ ಮಿತಿಮೀರಿದರೆ ಅದು ಶೈವಲಗಳನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಆ ಸ್ಥಿತಿ ಮುಂದುವರಿದರೆ ಸಾಯುತ್ತದೆ.

ಹೀಗಿರುವಾಗ ದೀಪದ ಆಯ್ಕೆಗೆ ಸಾಮಾನ್ಯವಾಗಿ ಬಳಕೆಯಲ್ಲಿರುವ ಸೂತ್ರಗಳು ಯಾವುವು? ಲೀಟರಿಗೆ ಒಂದು ವಾಟ್. ಇಷ್ಟು ಸಾವಿರ ಲಕ್ಸ್. ಇಷ್ಟು ಸಾವಿರ ಕೆಲ್ವಿನ್. ಭೌತವಿಜ್ಞಾನದ ದೃಷ್ಟಿಯಿಂದ ಈ ಮೂರೂ ತಪ್ಪು ಪ್ರಶ್ನೆಗೆ ಕೊಟ್ಟ ಉತ್ತರಗಳು. ಸರಿಯಾದ ಪ್ರಶ್ನೆ ಒಂದೇ: ಹವಳ ಕುಳಿತ ಜಾಗದಲ್ಲಿ ಪ್ರತಿ ಚದರ ಮೀಟರಿಗೆ ಪ್ರತಿ ಸೆಕೆಂಡಿಗೆ ಉಪಯುಕ್ತವಾದ ಎಷ್ಟು ಫೋಟಾನ್‌ಗಳು ಬೀಳುತ್ತಿವೆ?

ರಾಮದುರ್ಗದಂತಹ ಒಳನಾಡಿನ ಊರಿನಲ್ಲಿ ಕುಳಿತು ಹವಳದ ಮಾತೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ರಾಮದುರ್ಗ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮುರುಡೇಶ್ವರದ ಎದುರಿಗೆ ಅರಬ್ಬೀ ಸಮುದ್ರದಲ್ಲಿರುವ, ಹವಳಗಳಿಗೆ ಹೆಸರಾದ ನೇತ್ರಾಣಿ ದ್ವೀಪ ಸುಮಾರು 14 ಡಿಗ್ರಿಯಲ್ಲಿದೆ. ಎರಡೂ ಕಡೆ ಸೂರ್ಯ ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆ ಬರುತ್ತಾನೆ. ರಾಮದುರ್ಗದಲ್ಲಿ ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೆಯ ವಾರದ ಹೊತ್ತಿಗೆ. ಅಂದರೆ ಹವಳದ ದಿಬ್ಬಕ್ಕೆ ಆಕಾಶದಿಂದ ಬೀಳುವ ಬೆಳಕು ನಿಮ್ಮ ಶಾಲೆಯ ಅಂಗಳದಲ್ಲೂ ಬೀಳುತ್ತಿದೆ. ಹೋಲಿಕೆಗೆ ಬೇಕಾದ ಪ್ರಮಾಣ ಕೈಯಲ್ಲೇ ಇದೆ. ನಿರ್ಮಲ ಆಕಾಶದ ನಡುಹಗಲಿನಲ್ಲಿ ಅದು ಸುಮಾರು 1,00,000 ಲಕ್ಸ್. ಫೋಟಾನ್ ಲೆಕ್ಕದಲ್ಲಿ ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೊಮೋಲ್.

ಲೀಟರಿಗೆ ಒಂದು ವಾಟ್?

ಎರಡು ತೊಟ್ಟಿಗಳನ್ನು ಊಹಿಸಿಕೊಳ್ಳಿ. ಮೊದಲನೆಯದು 200 ಸೆಂ.ಮೀ. ಉದ್ದ, 100 ಸೆಂ.ಮೀ. ಅಗಲ, 50 ಸೆಂ.ಮೀ. ಆಳ. ಎರಡನೆಯದು 200 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 100 ಸೆಂ.ಮೀ. ಆಳ. ಎರಡರಲ್ಲೂ ಹಿಡಿಯುವುದು 1000 ಲೀಟರ್. ಸೂತ್ರದಂತೆ ಎರಡಕ್ಕೂ 1000 ವಾಟ್ ಬೇಕು. ಆದರೆ ಮೊದಲನೆಯದರ ನೀರಿನ ಮೇಲ್ಮೈ 2 ಚದರ ಮೀಟರ್, ಎರಡನೆಯದರದು 1 ಚದರ ಮೀಟರ್ ಮಾತ್ರ. ಬೆಳಕು ಹಂಚಿಹೋಗುವುದು ಮೇಲ್ಮೈಯ ಮೇಲೆ. ಒಂದೇ ದೀಪ ಹಾಕಿದರೆ ಎರಡನೆಯ ತೊಟ್ಟಿಗೆ ಇಮ್ಮಡಿ ತೀವ್ರತೆ! ಇನ್ನು ವಾಟ್ ಎಂಬುದು ದೀಪ ಎಳೆದುಕೊಳ್ಳುವ ವಿದ್ಯುತ್ ಸಾಮರ್ಥ್ಯ, ಅದು ಕೊಡುವ ಬೆಳಕಲ್ಲ. ಒಂದು ಜೂಲ್ ವಿದ್ಯುತ್ತಿನಿಂದ ಪ್ರತಿದೀಪ್ತಿ ಕೊಳವೆ ಸುಮಾರು 1 ಮೈಕ್ರೊಮೋಲ್ ಫೋಟಾನ್‌ಗಳನ್ನು ಕೊಟ್ಟರೆ, ಒಳ್ಳೆಯ ಎಲ್‌ಇಡಿ ಸುಮಾರು 2 ಮೈಕ್ರೊಮೋಲ್ ಕೊಡುತ್ತದೆ.

ಲಕ್ಸ್ ಯಾರ ಕಣ್ಣಿನದು?

ಲಕ್ಸ್ ಮಾಪನದ ಹಿಂದೆ ಮನುಷ್ಯನ ಕಣ್ಣಿದೆ. ನಮ್ಮ ಕಣ್ಣಿನ ಸಂವೇದನೆ 555 ನ್ಯಾನೋಮೀಟರ್‌ನ ಹಸಿರಿನಲ್ಲಿ ಗರಿಷ್ಠ. 450 ನ್ಯಾನೋಮೀಟರ್‌ನ ನೀಲಿಯಲ್ಲಿ ಅದು ಗರಿಷ್ಠದ ಶೇಕಡ 4ಕ್ಕಿಂತ ಕಡಿಮೆ. ಹವಳದ ಶೈವಲಗಳಾದರೋ ಕ್ಲೋರೊಫಿಲ್ ಮತ್ತು ಪೆರಿಡಿನಿನ್ ವರ್ಣಕಗಳ ಮೂಲಕ ನೀಲಿಯನ್ನೇ ಚೆನ್ನಾಗಿ ಹೀರುತ್ತವೆ.

ಲೆಕ್ಕ ಹಾಕಿ ನೋಡಿ. ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ 100 ಮೈಕ್ರೊಮೋಲ್ ಹಸಿರು ಫೋಟಾನ್‌ಗಳು ಬಿದ್ದರೆ ಲಕ್ಸ್ ಮಾಪಕ ಸುಮಾರು 14,700 ತೋರಿಸುತ್ತದೆ. ಅಷ್ಟೇ ಸಂಖ್ಯೆಯ ನೀಲಿ ಫೋಟಾನ್‌ಗಳು ಬಿದ್ದರೆ ಸುಮಾರು 700! ನೀಲಿ ಎಲ್‌ಇಡಿ ದೀಪದ ಕೆಳಗೆ ಲಕ್ಸ್ ನೋಡಿ 'ಬೆಳಕು ಸಾಲದು' ಎಂದು ಇನ್ನಷ್ಟು ದೀಪ ಹಚ್ಚುವವರು ಹವಳವನ್ನು ಸುಡುತ್ತಿರಬಹುದು. ಲಕ್ಸ್ ಮಾಪಕ ನಿರುಪಯುಕ್ತವೆಂದಲ್ಲ. ಒಂದೇ ದೀಪದ ಕೆಳಗೆ ಒಂದು ಮೂಲೆಯನ್ನು ಇನ್ನೊಂದರೊಡನೆ ಹೋಲಿಸಲು ಅದು ಸಾಕು. ಎರಡು ಬೇರೆ ಬಣ್ಣದ ದೀಪಗಳನ್ನು ಹೋಲಿಸಲು ಸಲ್ಲದು.

20,000 ಕೆಲ್ವಿನ್ ಎಂದರೇನು?

ಟಂಗ್‌ಸ್ಟನ್ ಕರಗುವುದು ಸುಮಾರು 3700 ಕೆಲ್ವಿನ್‌ನಲ್ಲಿ. ಹಾಗಾದರೆ ದೀಪದ ಡಬ್ಬಿಯ ಮೇಲಿನ 20,000 ಕೆಲ್ವಿನ್ ಯಾವುದರ ತಾಪ? ಯಾವುದರದೂ ಅಲ್ಲ. ದೀಪದ ಬಣ್ಣ ನಮ್ಮ ಕಣ್ಣಿಗೆ ಆ ತಾಪದ ಕೃಷ್ಣಕಾಯದ ಬಣ್ಣವನ್ನು ಹೋಲುತ್ತದೆ ಎಂದಷ್ಟೇ ಅದರ ಅರ್ಥ. ಒಂದೇ ಬಣ್ಣವಾಗಿ ಕಾಣುವ ಎರಡು ದೀಪಗಳ ರೋಹಿತಗಳು ಪೂರ್ತಿ ಬೇರೆಯಾಗಿರಬಹುದು. ಅಚ್ಚ ನೀಲಿ ಎಲ್‌ಇಡಿಗಂತೂ ಈ ಅಂಕಿ ಅನ್ವಯಿಸುವುದೇ ಇಲ್ಲ. ಕೃಷ್ಣಕಾಯವನ್ನು ಎಷ್ಟೇ ಕಾಯಿಸಿದರೂ ಅದರ ಬಣ್ಣ ಅಷ್ಟು ಗಾಢ ನೀಲಿಯಾಗದು. ಕೇಳಬೇಕಾದದ್ದು ದೀಪದ ರೋಹಿತದ ನಕ್ಷೆಯನ್ನು.

ತೊಟ್ಟಿಯಲ್ಲಿ ಬೆಳಕಿನ ಪಯಣ

'ಆಳಕ್ಕೆ ಹೋದಂತೆ ನೀರು ಬೆಳಕನ್ನು ನುಂಗುತ್ತದೆ, ಜೊತೆಗೆ ವಿಲೋಮ ವರ್ಗ ನಿಯಮವೂ ಇದೆ' ಎಂಬುದು ಇನ್ನೊಂದು ವಾದ. ಸಮುದ್ರದಲ್ಲಿ ಮೊದಲ ಭಾಗ ನಿಜ. ಶುದ್ಧ ನೀರಿನಲ್ಲಿ 10 ಮೀಟರ್ ಇಳಿದರೆ 650 ನ್ಯಾನೋಮೀಟರ್‌ನ ಕೆಂಪು ಬೆಳಕಿನ ನೂರರಲ್ಲಿ ಮೂರು ಪಾಲು ಉಳಿಯುತ್ತದೆ. 450 ನ್ಯಾನೋಮೀಟರ್‌ನ ನೀಲಿ ತೊಂಬತ್ತು ಪಾಲು ಉಳಿಯುತ್ತದೆ. 1921ರಲ್ಲಿ ಹಡಗಿನಲ್ಲಿ ಬರುತ್ತಾ ಸಿ. ವಿ. ರಾಮನ್ ಅವರು ಸಮುದ್ರದ ನೀಲಿಗೆ ಆಕಾಶದ ಪ್ರತಿಬಿಂಬವೊಂದೇ ಕಾರಣವಲ್ಲ, ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆ ಎಂದು ಕಂಡರು. ಆ ಚದರಿಕೆಯ ಜೊತೆಗೆ ಕೆಂಪನ್ನು ಹೀರುವ ಈ ಗುಣವೂ ಸೇರಿ ಸಮುದ್ರ ನೀಲಿಯಾಗಿದೆ. ಆದರೆ ತೊಟ್ಟಿಯ ಆಳ 10 ಮೀಟರ್ ಅಲ್ಲ. 60 ಸೆಂ.ಮೀ. ತಿಳಿನೀರಿನಲ್ಲಿ ನೀಲಿಯ ನಷ್ಟ ಶೇಕಡ 1ಕ್ಕಿಂತ ಕಡಿಮೆ, ಕೆಂಪಿನ ನಷ್ಟ ಸುಮಾರು ಐದನೆಯ ಒಂದು ಪಾಲು.

ಇನ್ನು ವಿಲೋಮ ವರ್ಗ ನಿಯಮ. ಅದು ಬಿಂದು ಆಕರಕ್ಕೆ, ಅಡೆತಡೆಯಿಲ್ಲದ ಅವಕಾಶಕ್ಕೆ ಮಾತ್ರ. ತೊಟ್ಟಿಗೆ ಗೋಡೆಗಳಿವೆ. ಸಮುದ್ರದ ನೀರಿನಿಂದ ಗಾಳಿಗೆ ಹೋಗುವ ಬೆಳಕಿಗೆ ಕ್ರಾಂತಿಕ ಕೋನ ಸುಮಾರು 48 ಡಿಗ್ರಿ. ಮೇಲಿನಿಂದ ಲಂಬಕ್ಕೆ 60 ಡಿಗ್ರಿಯೊಳಗೆ ಬಂದ ಕಿರಣ ನೀರಿನಲ್ಲಿ ವಕ್ರೀಭವನಗೊಂಡು ಲಂಬದತ್ತ ಬಾಗುತ್ತದೆ. ಅದು ಪಕ್ಕದ ಗಾಜನ್ನು ಮುಟ್ಟುವಾಗ ಪತನಕೋನ 48 ಡಿಗ್ರಿಯನ್ನು ಮೀರಿರುತ್ತದೆ. ಫಲ, ಪೂರ್ಣ ಆಂತರಿಕ ಪ್ರತಿಫಲನ. ಸ್ನೆಲ್ ನಿಯಮದಿಂದ ವಿದ್ಯಾರ್ಥಿಗಳು ಇದನ್ನು ಸ್ವತಃ ಸಾಧಿಸಬಹುದು. ಗಾಜಿನ ನಾಲ್ಕು ಗೋಡೆಗಳೇ ಬಿಟ್ಟಿ ಸಿಕ್ಕ ಕನ್ನಡಿಗಳು! ಆದರೆ ಹಿಂಬದಿಯ ಗಾಜಿಗೆ ಹೊರಗಿನಿಂದ ನೇರವಾಗಿ ಕಪ್ಪು ಬಣ್ಣ ಬಳಿದರೆ ಅಲ್ಲಿ ಗಾಳಿಯ ಪದರವಿರದು. ಬೆಳಕು ಬಣ್ಣದೊಳಗೆ ಹೀರಿಹೋಗುತ್ತದೆ. ಕಪ್ಪು ಹಿನ್ನೆಲೆ ಬೇಕಿದ್ದರೆ ಸ್ವಲ್ಪ ಅಂತರ ಬಿಟ್ಟು ಹಾಳೆ ನಿಲ್ಲಿಸಿದರಾಯಿತು.

ಪ್ರತಿಫಲಕದ ಪಾತ್ರ

ಕೊಳವೆ ದೀಪ ಸುತ್ತಲೂ 360 ಡಿಗ್ರಿ ಬೆಳಕು ಚೆಲ್ಲುತ್ತದೆ. ತೊಟ್ಟಿಯ ಬಾಯಿ ಅದಕ್ಕೆ 120 ಡಿಗ್ರಿಯಷ್ಟು ಕಂಡರೆ ನೇರವಾಗಿ ನೀರಿಗೆ ಬೀಳುವುದು ಮೂರನೆಯ ಒಂದು ಪಾಲು. ಉಳಿದ ಎರಡು ಪಾಲು ಪ್ರತಿಫಲಕದ ಮೇಲೆ ಬೀಳಲಿ. ಮರಳುವ ದಾರಿಯಲ್ಲಿ ಅದರ ಆರನೆಯ ಒಂದು ಭಾಗ ಕೊಳವೆಗೇ ಬಡಿದು ನಷ್ಟವಾಗಲಿ. ಪ್ರತಿಫಲನ ಶೇಕಡ 90 ಇರಲಿ. ಆಗ ನೀರಿಗೆ ತಲಪುವುದು ಒಟ್ಟು ಶೇಕಡ 83, ಅಂದರೆ ಬರಿಯ ಕೊಳವೆಯ ಎರಡೂವರೆ ಪಟ್ಟು. ಅದೇ ಪ್ರತಿಫಲಕದ ಮೇಲೆ ಉಪ್ಪು, ದೂಳು ಕೂತು ಪ್ರತಿಫಲನ ಶೇಕಡ 60ಕ್ಕೆ ಇಳಿದರೆ ತಲಪುವುದು ಶೇಕಡ 67. ಒದ್ದೆ ಬಟ್ಟೆಯಿಂದ ಒರೆಸುವುದು ಹೊಸ ದೀಪ ಕೊಳ್ಳುವುದಕ್ಕಿಂತ ಅಗ್ಗ.

ಆಕಾರವೂ ಮುಖ್ಯ. ಪರವಲಯಾಕಾರದ ಪ್ರತಿಫಲಕಕ್ಕೆ ಸಂಗಮ ರೇಖೆ ಒಂದೇ. ಒಂದೇ ಬೋಗುಣಿಯ ಕೆಳಗೆ ನಾಲ್ಕು ಕೊಳವೆ ಜೋಡಿಸಿದರೆ ಎಲ್ಲವೂ ಆ ರೇಖೆಯಲ್ಲಿರಲು ಸಾಧ್ಯವಿಲ್ಲ. ಒಂದರ ಬೆಳಕು ಇನ್ನೊಂದರ ಮೈಗೆ ಬಡಿಯುತ್ತದೆ. ಕೊಳವೆಗೊಂದು ಪ್ರತಿಫಲಕ ಇರುವುದೇ ಸರಿ. ಎಲ್‌ಇಡಿ ಒಂದೇ ಬದಿಗೆ ಬೆಳಕು ಚೆಲ್ಲುವುದರಿಂದ ಅಲ್ಲಿ ಪ್ರತಿಫಲಕದ ಕೆಲಸವನ್ನು ಮಸೂರ ಮಾಡುತ್ತದೆ. ಕಿರಿದಾದ ಮಸೂರ ನಟ್ಟನಡುವೆ ದೊಡ್ಡ ಅಂಕಿ ತೋರಿಸಿ ಅಂಚುಗಳನ್ನು ಕತ್ತಲಲ್ಲಿಡುತ್ತದೆ. ಆದ್ದರಿಂದ ಮಧ್ಯದ ಒಂದು ಅಂಕಿಯನ್ನು ನಂಬಬೇಡಿ. ತಳವನ್ನು ಚೌಕಗಳಾಗಿ ವಿಂಗಡಿಸಿ ಎಲ್ಲ ಚೌಕಗಳಲ್ಲೂ ಅಳೆಯಬೇಕು.

ಲೆಕ್ಕ ಮತ್ತು ಶಾಖ

ಈಗ ನಮ್ಮ ಮೊದಲ ತೊಟ್ಟಿಗೆ ಬರೋಣ. ಸರಾಸರಿ 250 ಮೈಕ್ರೊಮೋಲ್ ಸಾಕೆಂದು ಇಟ್ಟುಕೊಂಡರೆ 2 ಚದರ ಮೀಟರಿಗೆ ಸೆಕೆಂಡಿಗೆ 500 ಮೈಕ್ರೊಮೋಲ್ ಬೇಕು. ದೀಪದ ಬೆಳಕಿನಲ್ಲಿ ಶೇಕಡ 60 ಹವಳಕ್ಕೆ ತಲಪಿದರೆ ದೀಪ ಸುಮಾರು 830 ಕೊಡಬೇಕು; ಜೂಲಿಗೆ 2 ಮೈಕ್ರೊಮೋಲ್ ಕೊಡುವ ಎಲ್‌ಇಡಿಯಾದರೆ ಸುಮಾರು 420 ವಾಟ್. ಸೂತ್ರ ಹೇಳಿದ್ದು 1000!

ವ್ಯತ್ಯಾಸ ಕರೆಂಟ್ ಬಿಲ್ಲಿನಲ್ಲಿ ಮಾತ್ರ ಕಾಣುವುದಿಲ್ಲ. ದಿನಕ್ಕೆ 10 ಗಂಟೆ ಉರಿದ ದೀಪದ ಶಕ್ತಿಯೆಲ್ಲ ನೀರಿಗೇ ಸೇರಿ ಹೊರಹೋಗದಿದ್ದರೆ, 420 ವಾಟ್ 1000 ಲೀಟರ್ ಸಮುದ್ರದ ನೀರನ್ನು 3.7 ಡಿಗ್ರಿ ಕಾಯಿಸುತ್ತದೆ, 1000 ವಾಟ್ 8.8 ಡಿಗ್ರಿ. ವಾಸ್ತವದಲ್ಲಿ ಶಾಖದ ಒಂದು ಭಾಗ ಗಾಳಿಗೆ ಹೋಗುತ್ತದೆ, ನಿಜ. ಆದರೆ ಕಡಲಿನಲ್ಲಿ ಬೇಸಿಗೆಯ ವಾಡಿಕೆಯ ಗರಿಷ್ಠ ತಾಪಕ್ಕಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಹವಳ ಬಿಳಿಚಿಕೊಳ್ಳುತ್ತದೆ. ನಮ್ಮ ಉತ್ತರ ಕರ್ನಾಟಕದ ಏಪ್ರಿಲ್ ತಿಂಗಳಲ್ಲಿ ಹೆಚ್ಚುವರಿ ವಾಟ್ ಎಂದರೆ ಹೆಚ್ಚುವರಿ ಅಪಾಯ. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ 1987ರಲ್ಲಿ ತೆರೆದ ಸುಮಾರು 25 ಲಕ್ಷ ಲೀಟರಿನ ಹವಳದ ಅಕ್ವೇರಿಯಂ ಬಯಲಿಗೆ ತೆರೆದುಕೊಂಡು ಸೂರ್ಯನ ಬೆಳಕನ್ನೇ ನೆಚ್ಚಿತ್ತು. 250 ಎಂಬ ಅಂಕಿಯನ್ನೂ ಉದಾಹರಣೆಯೆಂದೇ ತಿಳಿಯಿರಿ. ಮಳೆಗಾಲದಲ್ಲಿ ಕದಡುವ ನಮ್ಮ ಕರಾವಳಿಯ ನೀರಿನ ಹವಳಕ್ಕೆ ಸಾಕಾಗುವ ಬೆಳಕು, ತಿಳಿನೀರಿನಲ್ಲಿ ಮೇಲ್ಮೈಗೆ ಹತ್ತಿರ ಬೆಳೆದ ಹವಳಕ್ಕೆ ಸಾಲದೇ ಹೋಗಬಹುದು.

ಶಿಕ್ಷಕರಿಗೆ ಎರಡು ಮಾತು

ಮೊದಲನೆಯದು ಕಾನೂನು. ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲವನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ನಮ್ಮ ಕಡಲಿನಿಂದ ಅವನ್ನು ಕೀಳುವುದು, ಮಾರುವುದು ಅಪರಾಧ. ಪ್ರದರ್ಶನಕ್ಕೆಂದು ಶಾಲೆಯಲ್ಲಿ ಹವಳದ ತೊಟ್ಟಿ ಇಡುವ ಯೋಚನೆ ಬೇಡ.

ಎರಡನೆಯದು ಪ್ರಯೋಗ. ಇಲ್ಲಿ ಹೇಳಿದ ಭೌತವಿಜ್ಞಾನಕ್ಕೆ ಹವಳವೇ ಬೇಕೆಂದಿಲ್ಲ, ಹೈಡ್ರಿಲ್ಲ ಸಾಕು. ಪಠ್ಯಪುಸ್ತಕದ ಪ್ರಯೋಗದಂತೆ ಬೀಕರಿನಲ್ಲಿ ಹೈಡ್ರಿಲ್ಲ ಇಟ್ಟು ಬಿಸಿಲಿನಲ್ಲಿ ನಿಮಿಷಕ್ಕೆ ಏಳುವ ಗುಳ್ಳೆಗಳನ್ನು ಎಣಿಸಿ. ಬಳಿಕ ಬೀಕರನ್ನು ಹಸಿರು, ಆಮೇಲೆ ನೀಲಿ ಸೆಲೊಫೇನ್ ಹಾಳೆಯಿಂದ ಸುತ್ತಿ ಎಣಿಸಿ. ಪ್ರತಿ ಸಲವೂ ಅದೇ ಹಾಳೆಯ ಕೆಳಗೆ ಮೊಬೈಲ್ ಫೋನಿನ ಲಕ್ಸ್ ಮಾಪಕದ ಅಂಕಿಯನ್ನು ಬರೆದಿಡಿ. ಲಕ್ಸ್ ಇಳಿದ ಅನುಪಾತದಲ್ಲೇ ಗುಳ್ಳೆಗಳೂ ಇಳಿದವೇ? ವಿದ್ಯಾರ್ಥಿಗಳು ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು, ವ್ಯತ್ಯಾಸಕ್ಕೆ ಕಾರಣವನ್ನು ತಾವೇ ವಾದಿಸಲಿ.